ನರ್ತಕಿ, ಆಸ್ಥಾನ, ಅಂಕಣ: ಮೈಸೂರು ನೃತ್ಯದ ಚರಿತ್ರೆಯನ್ನು ಓದುವ ಬಗೆ



ನೃತ್ಯದ ಬಗ್ಗೆ ಕನ್ನಡದಲ್ಲಿ ಎರಡು ಬಗೆಯ ಬರವಣಿಗೆ ಹುಲುಸಾಗಿ ಬೆಳೆದಿದೆ. ಒಂದು ಶಾಸ್ತ್ರದ್ದು. ಹಸ್ತಗಳೆಷ್ಟು, ದೃಷ್ಟಿಭೇದಗಳೆಷ್ಟು, ಯಾವ ನಾಯಿಕೆಯ ಲಕ್ಷಣವೇನು ಎಂಬುದನ್ನು ಅದು ಹೇಳುತ್ತದೆ. ಇನ್ನೊಂದು ಪತ್ರಿಕಾ ವಿಮರ್ಶೆಯದು. ಮೊನ್ನೆಯ ಕಾರ್ಯಕ್ರಮದಲ್ಲಿ ಅರೆಮಂಡಿ ಹೇಗಿತ್ತು, ತಾಳ ತಪ್ಪಿತೇ, ಅಭಿನಯ ಮನಮುಟ್ಟಿತೇ ಎಂಬುದು ಅದರ ಕಾಳಜಿ. ಎರಡೂ ಬೇಕು. ಆದರೆ ಇವೆರಡರ ನಡುವೆ ವಿಸ್ತಾರವಾದ ಒಂದು ಪ್ರದೇಶ ಬೀಳು ಬಿದ್ದಿದೆ. ಈ ನೃತ್ಯವನ್ನು ಯಾರು ಮಾಡುತ್ತಿದ್ದರು, ಯಾರ ಆಶ್ರಯದಲ್ಲಿ ಮಾಡುತ್ತಿದ್ದರು, ಎಷ್ಟು ದೂರದಲ್ಲಿ ಕುಳಿತವರಿಗಾಗಿ ಮಾಡುತ್ತಿದ್ದರು, ಅದು ನಿಂತುಹೋದಾಗ ಯಾರ ಹೊಟ್ಟೆಯ ಮೇಲೆ ಹೊಡೆತ ಬಿತ್ತು ಎಂಬ ಪ್ರಶ್ನೆಗಳನ್ನು ನಾವು ಇತಿಹಾಸಕಾರರಿಗೂ ಸಮಾಜಶಾಸ್ತ್ರಜ್ಞರಿಗೂ ಬಿಟ್ಟುಕೊಟ್ಟು ಸುಮ್ಮನಾಗಿದ್ದೇವೆ.

ಈ ಪ್ರಶ್ನೆಗಳು ನೃತ್ಯಕ್ಕೆ ಹೊರಗಿನವಲ್ಲ ಎಂಬುದು ನಾನು ಇಂದು ನಿಮ್ಮ ಮುಂದೆ ಇಡುವ ವಾದ. ಆಶ್ರಯದಾತ ಬದಲಾದಾಗ, ಸ್ಥಳ ಬದಲಾದಾಗ, ನೋಡುವವರು ಬದಲಾದಾಗ ನೃತ್ಯದ ಒಳಗೇ, ಅದರ ಹೆಜ್ಜೆಯಲ್ಲಿ, ಹುಬ್ಬಿನ ಚಲನೆಯಲ್ಲಿ, ಒಂದು ಸಾಲನ್ನು ಎಷ್ಟು ಬಾರಿ ಹಾಡಬೇಕೆಂಬುದರಲ್ಲಿ ಬದಲಾವಣೆ ಆಗುತ್ತದೆ. ಇದನ್ನು ತೋರಿಸಲು ನಮ್ಮ ಮನೆಯಂಗಳದ್ದೇ ಆದ ಮೈಸೂರು ಪರಂಪರೆಯನ್ನು ಆರಿಸಿಕೊಂಡಿದ್ದೇನೆ.

ಮೊದಲು ಆಧಾರಗಳ ಮಾತು. ಕರ್ನಾಟಕದ ನೃತ್ಯಚರಿತ್ರೆ ಬರೆಯುವವರಿಗೆ ಸಾಮಗ್ರಿಯ ಬಡತನವಿಲ್ಲ. ಗ್ರಂಥಗಳಿವೆ, ಶಾಸನಗಳಿವೆ, ಶಿಲ್ಪಗಳಿವೆ, ಕಾವ್ಯಗಳಿವೆ, ಪರದೇಶಿ ಪ್ರವಾಸಿಗರ ಬರಹಗಳಿವೆ. ಕೊರತೆ ಇರುವುದು ಇವುಗಳಲ್ಲಿ ಒಂದೊಂದೂ ಯಾವ ಉದ್ದೇಶಕ್ಕೆ ಹುಟ್ಟಿತು ಎಂದು ಕೇಳುವ ಅಭ್ಯಾಸದಲ್ಲಿ.

12ನೆಯ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವನ್ನು ನೋಡಿ. ಅದರ ನೃತ್ಯವಿನೋದ ಭಾಗದಿಂದ ಅಂಗ, ಉಪಾಂಗ, ಸ್ಥಾನಕ, ಚಾರಿಗಳ ಲಕ್ಷಣಗಳನ್ನು ನಾವು ಧಾರಾಳವಾಗಿ ಎತ್ತಿಕೊಳ್ಳುತ್ತೇವೆ. ಆದರೆ ಆ ಭಾಗ ಇರುವುದು ಎಲ್ಲಿ? ಅರಸ ಹೊತ್ತು ಕಳೆಯುವ ವಿನೋದಗಳ ಸಾಲಿನಲ್ಲಿ. ಆನೆಗಳ ಕಾಳಗ, ಮಲ್ಲಯುದ್ಧ, ಬೇಟೆಗಳ ಜೊತೆಯಲ್ಲಿ. ನೃತ್ಯವನ್ನು ಯಾವ ಯಾವ ಸಂದರ್ಭದಲ್ಲಿ ಏರ್ಪಡಿಸಬೇಕು ಎಂದೂ ಸೋಮೇಶ್ವರ ಹೇಳುತ್ತಾನೆ: ಉತ್ಸವ, ವಿಜಯ, ಪರೀಕ್ಷೆ, ವಿವಾದ, ಹರ್ಷ, ವಿಲಾಸ ಮುಂತಾದವು. ಪ್ರದರ್ಶಕರ ಪಟ್ಟಿಯಲ್ಲಿ ನರ್ತಕಿ, ನಟ, ನರ್ತಕರ ಜೊತೆಗೆ ವೈತಾಳಿಕರಿದ್ದಾರೆ, ಚಾರಣರಿದ್ದಾರೆ, ಮೈ ಬಳುಕಿಸಿ ಸಾಹಸ ತೋರುವ ಕೊಲ್ಲಾಟಿಗರೂ ಇದ್ದಾರೆ. ಶಾಸ್ತ್ರೀಯ, ಜಾನಪದ ಎಂದು ನಾವು ಇಂದು ಎಳೆಯುವ ಗೆರೆ ಆ ಅರಸನ ಕಣ್ಣಿಗೆ ಕಾಣುತ್ತಿರಲಿಲ್ಲ. ಲಕ್ಷಣಗಳನ್ನಷ್ಟೇ ಹೆಕ್ಕಿ, ಸಂದರ್ಭದ ಶ್ಲೋಕಗಳನ್ನು ದಾಟಿಹೋಗುವ ಓದು ಗ್ರಂಥದ ಅರ್ಧವನ್ನೇ ಓದಿದಂತೆ.

ಕಾವ್ಯದ ವಿಷಯವೂ ಹೀಗೆಯೇ. ಪಂಪನ ಆದಿಪುರಾಣದ ನೀಲಾಂಜನೆಯ ಪ್ರಸಂಗ ನಿಮಗೆಲ್ಲ ಗೊತ್ತು. ವೃಷಭನಾಥನ ಸಭೆಯಲ್ಲಿ ಕುಣಿಯುತ್ತಿದ್ದ ಅಪ್ಸರೆಯ ಆಯುಷ್ಯ ನೃತ್ಯದ ನಡುವೆಯೇ ಮುಗಿಯುತ್ತದೆ. ರಸಭಂಗವಾಗದಂತೆ ಇಂದ್ರ ಆ ಕ್ಷಣದಲ್ಲೇ ಅವಳಂಥವಳನ್ನೇ ಅವಳ ಜಾಗದಲ್ಲಿ ನಿಲ್ಲಿಸುತ್ತಾನೆ. ಸಭೆಗೆ ತಿಳಿಯುವುದಿಲ್ಲ, ವೃಷಭನಾಥನಿಗೆ ಮಾತ್ರ ತಿಳಿಯುತ್ತದೆ, ಅವನಿಗೆ ವೈರಾಗ್ಯ ಹುಟ್ಟುತ್ತದೆ. 10ನೆಯ ಶತಮಾನದ ರಂಗಪದ್ಧತಿಗೆ ಇದು ಅಮೂಲ್ಯ ಆಧಾರ. ಆದರೆ ಇದು ಒಬ್ಬ ಜೈನಕವಿಯ ದೃಷ್ಟಿಯಿಂದ ಕಂಡ ನೃತ್ಯ. ಇಲ್ಲಿ ಸೊಗಸು ಎಷ್ಟು ಹೆಚ್ಚಿದರೆ ಅದರ ಅನಿತ್ಯತೆ ಅಷ್ಟು ತೀವ್ರವಾಗಿ ಕಾಣಬೇಕು. ಅದಕ್ಕಾಗಿಯೇ ಪಂಪ ವರ್ಣನೆಗೆ ಅಷ್ಟು ಶ್ರಮಪಡುತ್ತಾನೆ. ದೇವಾಲಯದ ರಂಗಭೋಗದ ಸೇವೆಯಾಗಿ ನಡೆದ ಕುಣಿತಕ್ಕೆ ಈ ಅರ್ಥ ಹೊಂದುವುದಿಲ್ಲ. ಅರಮನೆಯ ವಸಂತೋತ್ಸವದ ಕುಣಿತಕ್ಕೂ ಹೊಂದುವುದಿಲ್ಲ. ಹೆಜ್ಜೆ ಮೂರು ಕಡೆಯೂ ಒಂದೇ ಇದ್ದಿರಬಹುದು.

ಶಿಲ್ಪದ ವಿಷಯದಲ್ಲಿ ನಾವು ಇನ್ನೂ ಎಚ್ಚರದಿಂದಿರಬೇಕು. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠೆಯಾಯಿತು. ವಿಷ್ಣುವರ್ಧನನ ರಾಣಿ ಶಾಂತಲೆ ಗೀತ, ವಾದ್ಯ, ನೃತ್ಯಗಳಲ್ಲಿ ಪ್ರವೀಣೆ ಎಂದು ಶಾಸನಗಳು ಹೊಗಳುತ್ತವೆ, ಇದರಲ್ಲಿ ಅನುಮಾನವಿಲ್ಲ. ಆದರೆ ಅಲ್ಲಿನ ಮದನಿಕೆಯರಿಗೆ ಶಾಂತಲೆಯೇ ರೂಪದರ್ಶಿ ಎಂಬ ಮಾತಿಗೆ ಶಾಸನದ ಬೆಂಬಲವಿಲ್ಲ. ಮದನಿಕೆಗಳ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳ ಹೆಸರುಗಳಿವೆ, ರೂಪದರ್ಶಿಯ ಹೆಸರಿಲ್ಲ. ಕಲ್ಲಿನಲ್ಲಿ ಶಾಂತಲೆಯನ್ನು ಕಾಣುವ ಕಣ್ಣನ್ನು ನಮಗೆ ಬಹುಮಟ್ಟಿಗೆ ಕೊಟ್ಟದ್ದು ಸ್ಥಳಪುರಾಣ ಮತ್ತು 20ನೆಯ ಶತಮಾನದ ಕಾದಂಬರಿಗಳು, ಕೆ.ವಿ. ಅಯ್ಯರ್ ಅವರ ಶಾಂತಲಾ, ಸಿ.ಕೆ. ನಾಗರಾಜರಾವ್ ಅವರ ಪಟ್ಟಮಹಾದೇವಿ ಶಾಂತಲಾದೇವಿ. ಈ ಕಾದಂಬರಿಗಳ ಬಗ್ಗೆ ನನಗೆ ಗೌರವವಿದೆ. ಅವು ಸಾವಿರಾರು ಓದುಗರಲ್ಲಿ ಇತಿಹಾಸದ ಹಂಬಲ ಹುಟ್ಟಿಸಿದವು. ಹಂಬಲವನ್ನೇ ಆಧಾರವೆಂದು ಉಲ್ಲೇಖಿಸುವ ಸಂಶೋಧನಾ ಪ್ರಬಂಧಗಳ ಬಗ್ಗೆ ಮಾತ್ರ ನನಗೆ ಬೇಸರವಿದೆ.

ಇನ್ನೊಂದು ಗಂಟು ಇದಕ್ಕಿಂತ ಬಿಗಿಯಾದದ್ದು. ಇಂದಿನ ಭರತನಾಟ್ಯದ ಉಡುಗೆ ದೇವಾಲಯದ ಶಿಲ್ಪವನ್ನು ಹೋಲುತ್ತದೆ, ಆದ್ದರಿಂದ ಈ ನೃತ್ಯ ಆ ಶಿಲ್ಪದಷ್ಟೇ ಹಳೆಯದು ಎಂದು ಹಲವರು ವಾದಿಸುತ್ತಾರೆ. ಈ ಹೊಲಿದ ಉಡುಗೆ ರೂಪುಗೊಂಡದ್ದು 1930ರ ದಶಕದಲ್ಲಿ. ರುಕ್ಮಿಣಿ ದೇವಿ ಅರುಂಡೇಲ್ ಅವರು ಶಿಲ್ಪಗಳನ್ನು ನೋಡಿ, ಇಟಲಿ ಮೂಲದ ಮೇಡಂ ಕಝಾನ್ ಎಂಬ ಹೊಲಿಗೆ ಬಲ್ಲ ಮಹಿಳೆಯ ನೆರವಿನಿಂದ ಅದನ್ನು ರೂಪಿಸಿದರು. ಅದಕ್ಕೆ ಮುಂಚಿನ ನರ್ತಕಿಯರು ಕುಣಿಯುತ್ತಿದ್ದುದು ಇಜಾರದ ಮೇಲೆ ಉಟ್ಟ ಜರತಾರಿ ಸೀರೆಯಲ್ಲಿ. ಶಿಲ್ಪದಿಂದ ಉಡುಗೆ ಬಂತು; ಈಗ ಉಡುಗೆಯನ್ನು ತೋರಿಸಿ ಶಿಲ್ಪದ ಕಾಲಕ್ಕೆ ನೃತ್ಯವನ್ನು ಒಯ್ಯುತ್ತಿದ್ದೇವೆ. ವಾದ ಸುತ್ತಿ ಬಂದು ತನ್ನ ಕಾಲ ಮೇಲೆಯೇ ನಿಂತಿದೆ.

ಇನ್ನು ಆಸ್ಥಾನಕ್ಕೆ ಬರೋಣ. ಭರತನಾಟ್ಯದ ಕಾರ್ಯಕ್ರಮವೆಂದರೆ ಅಲರಿಪು, ಜತಿಸ್ವರ, ಶಬ್ದ, ವರ್ಣ, ಪದ, ಜಾವಳಿ, ತಿಲ್ಲಾನ ಎಂಬ ಅನುಕ್ರಮ ಎಲ್ಲರ ನಾಲಗೆಯ ಮೇಲಿದೆ. ಈ ಅನುಕ್ರಮಕ್ಕೆ ಗಟ್ಟಿ ರೂಪ ಕೊಟ್ಟವರು 19ನೆಯ ಶತಮಾನದ ಮೊದಲ ಭಾಗದ ತಂಜಾವೂರಿನ ನಾಲ್ವರು ಸೋದರರು: ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು. ಇವರಲ್ಲಿ ಹಿರಿಯನಾದ ಚಿನ್ನಯ್ಯ ಮೈಸೂರಿಗೆ ಬಂದು ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯ ಪಡೆದರು, ದೊರೆಯ ಹೆಸರಿನಲ್ಲಿ ರಚನೆಗಳನ್ನು ಮಾಡಿದರು. ಮುಮ್ಮಡಿಯವರ ಕೈಯಿಂದ 1831ರಲ್ಲಿ ರಾಜ್ಯಾಡಳಿತವನ್ನು ಬ್ರಿಟಿಷರು ತೆಗೆದುಕೊಂಡರು. ದಂಡು, ಕಂದಾಯ ಕೈಬಿಟ್ಟ ಮೇಲೂ ಅರಸರಿಗೆ ಉಳಿದದ್ದು ಅರಮನೆ, ದಸರಾ, ಪಂಡಿತರು, ಸಂಗೀತಗಾರರು, ನರ್ತಕಿಯರು. ಅರಸುತನವನ್ನು ತೋರಿಸಿಕೊಳ್ಳುವ ಭಾರವೆಲ್ಲ ಕಲೆಯ ಹೆಗಲಿಗೆ ಬಂತು. ಒಡೆಯರ ಆಸ್ಥಾನ ಕಲೆಗೆ ಇಷ್ಟೊಂದು ಕೊಟ್ಟದ್ದು ಅವರ ರಸಿಕತೆಯಿಂದ ಎಂದು ಹೇಳಿ ನಿಲ್ಲಿಸುವುದು ವಾಡಿಕೆ. ರಸಿಕತೆ ನಿಜ. ಅದರ ಹಿಂದೆ ಇದ್ದ ರಾಜಕೀಯದ ಒತ್ತಡವೂ ಅಷ್ಟೇ ನಿಜ ಎಂದು ನಾನು ನಂಬಿದ್ದೇನೆ.

ಆ ಕಾಲದ ಶಬ್ದಗಳನ್ನು ಗಮನಿಸಿ. ದೊರೆಯನ್ನೋ ದೇವರನ್ನೋ ಹೊಗಳುತ್ತ ಸಾಗಿ, ಕೊನೆಗೆ ಸಲಾಂ ಹೇಳಿ ಮುಗಿಯುವ ಶಬ್ದಗಳು ಹಲವು. ತೆಲುಗು ಸಾಹಿತ್ಯ, ಮರಾಠ ದರ್ಬಾರು, ಪಾರಸಿ ರಿವಾಜಿನ ವಂದನೆ, ಎಲ್ಲವೂ ಒಂದೇ ರಚನೆಯಲ್ಲಿ ಒಟ್ಟಿಗೆ ಬಾಳಿದ್ದವು. ಮುಂದೆ ನೃತ್ಯವನ್ನು ಶುದ್ಧಗೊಳಿಸಲು ಹೊರಟವರು ಹಲವೆಡೆ ಈ ಸಲಾಮನ್ನು ತೆಗೆದು ಸಂಸ್ಕೃತದ ನಮಸ್ಕಾರವನ್ನು ಕೂರಿಸಿದರು. ತಾಳಕ್ಕೆ ಕುಂದಾಗಲಿಲ್ಲ. ಆದರೆ ಆಸ್ಥಾನದಲ್ಲಿ ನಿಂತು ಬಾಗಿದ ಒಬ್ಬ ಹೆಣ್ಣಿನ ಕೈಯ ಭಂಗಿ, ಅದು ಯಾರನ್ನು ಉದ್ದೇಶಿಸಿತ್ತು ಎಂಬ ತಿಳಿವು ಅಳಿಸಿಹೋಯಿತು. ಇಂದಿನ ವಿದ್ಯಾರ್ಥಿನಿ ಆ ಭಂಗಿಯನ್ನು ದೇವರಿಗೆ ಸಲ್ಲಿಸಿದ ಪ್ರಣಾಮವೆಂದೇ ಕಲಿಯುತ್ತಾಳೆ.

ಈಗ ದೂರದ ಪ್ರಶ್ನೆ. ನೃತ್ಯದ ಅಧ್ಯಯನದಲ್ಲಿ ಬಹಳ ಕಡಿಮೆ ಕೇಳಿದ, ನನ್ನ ಮಟ್ಟಿಗೆ ಬಹಳ ಮುಖ್ಯವಾದ ಪ್ರಶ್ನೆ ಇದು: ನೋಡುವವರು ನರ್ತಕಿಯಿಂದ ಎಷ್ಟು ದೂರದಲ್ಲಿದ್ದರು?

ಮೈಸೂರು ಶೈಲಿಯ ಹೆಗ್ಗಳಿಕೆ ಅಭಿನಯ ಎಂದು ಎಲ್ಲರೂ ಹೇಳುತ್ತಾರೆ. ನೃತ್ತ ಮಿತವಾಗಿ, ಅಭಿನಯ ವಿಸ್ತಾರವಾಗಿ. ಕ್ಷೇತ್ರಯ್ಯನ ಪದ, ಜಾವಳಿ, ಜಯದೇವನ ಅಷ್ಟಪದಿ, ಅಮರುಕನ ಶ್ಲೋಕ, ಕೃಷ್ಣಕರ್ಣಾಮೃತದ ಶ್ಲೋಕ, ಜೊತೆಗೆ ಕನ್ನಡದ ದೇವರನಾಮ. ಇವುಗಳಲ್ಲಿ ಶ್ಲೋಕದ ಅಭಿನಯವನ್ನು ಹತ್ತಿರದಿಂದ ನೋಡೋಣ. ತಾಳದ ಬಿಗಿ ಇಲ್ಲ, ಹೆಜ್ಜೆಯ ಕೆಲಸ ಇಲ್ಲವೆನ್ನುವಷ್ಟು ಕಡಿಮೆ. ಹಾಡುವವರು ಒಂದು ಪಾದವನ್ನು ರಾಗದಲ್ಲಿ ಎಳೆದು ನಿಲ್ಲಿಸುತ್ತಾರೆ, ಮತ್ತೆ ಅದೇ ಪಾದಕ್ಕೆ ಮರಳುತ್ತಾರೆ. ಪ್ರತಿ ಮರಳಿಕೆಯಲ್ಲೂ ನರ್ತಕಿ ಬೇರೊಂದು ಅರ್ಥವನ್ನು ತೆರೆಯುತ್ತಾಳೆ. ತಡವಾಗಿ ಬಂದ ನಾಯಕನನ್ನು ಮೊದಲು ನೋಡದವಳಂತಿರುತ್ತಾಳೆ. ಎರಡನೆಯ ಸಲ ನೋಡಿ ಕಣ್ಣು ತಗ್ಗಿಸುತ್ತಾಳೆ. ಮೂರನೆಯ ಸಲ ಅವನ ಎದೆಯ ಮೇಲಿನ ಗುರುತು ಕಂಡು ಒಂದು ಹುಬ್ಬು ಮಾತ್ರ ಏರುತ್ತದೆ, ತುಟಿ ನಗುತ್ತಿರುತ್ತದೆ. ಹುಬ್ಬಿಗೂ ತುಟಿಗೂ ಇರುವ ಈ ವಿರೋಧದಲ್ಲೇ ರಸ ಇದೆ. ಇದು ಕಾಣಬೇಕಾದರೆ ನೋಡುವವರು ಕೆಲವೇ ಅಡಿಗಳ ಅಂತರದಲ್ಲಿರಬೇಕು, ಸಾಹಿತ್ಯ ಅವರಿಗೆ ಮೊದಲೇ ಬಾಯಿಪಾಠವಾಗಿರಬೇಕು, ಅವಸರ ಇರಬಾರದು.

ಅಂಥ ನೋಡುಗರು ಇದ್ದರು. ಸಂಸ್ಕೃತ, ತೆಲುಗು, ಕನ್ನಡ ಮೂರೂ ಬಲ್ಲ ಪಂಡಿತರು ಆಸ್ಥಾನದಲ್ಲಿ ಹತ್ತಿರವೇ ಕುಳಿತಿರುತ್ತಿದ್ದರು. ದಕ್ಷಿಣದ ನರ್ತಕಿಯರ ಮನೆತನಗಳಲ್ಲಿ ಕುಳಿತುಕೊಂಡೇ ಅಭಿನಯಿಸುವ ಪದ್ಧತಿಯೊಂದು ಬಾಳಿ ಬಂದದ್ದೂ ಇಂಥ ಸನಿಹದಿಂದಲೇ ಎಂದು ನನ್ನ ತಿಳಿವಳಿಕೆ. ಕಾಲಿನ ಹಂಗಿಲ್ಲದೆ, ಮುಖ ಮತ್ತು ಕೈಗಳಿಂದಲೇ ಹೊತ್ತುಗಟ್ಟಲೆ ಒಂದು ಪದವನ್ನು ಬೆಳೆಸುವ ಕಲೆ ಅದು.

ಇದೇ ನೃತ್ಯವನ್ನು ಟಿಕೆಟ್ಟಿನ ಸಭಾಂಗಣಕ್ಕೆ ಒಯ್ಯಿರಿ. ಹದಿನೈದನೆಯ ಸಾಲಿನಲ್ಲಿ ಕುಳಿತವರಿಗೆ ಹುಬ್ಬು ಕಾಣುವುದಿಲ್ಲ. ಆಗ ಕಣ್ಣಿನ ಕೆಲಸವನ್ನು ಕೈ ಮಾಡಬೇಕಾಗುತ್ತದೆ, ಕೈಯ ಕೆಲಸವನ್ನು ಇಡೀ ಮೈ ಮಾಡಬೇಕಾಗುತ್ತದೆ. ಸಾಹಿತ್ಯ ಗೊತ್ತಿಲ್ಲದ ಪ್ರೇಕ್ಷಕರಿಗಾಗಿ ಸಂಚಾರಿ ಕಥೆಯಾಗುತ್ತದೆ. ದೂರದಿಂದಲೂ ಕಾಣುವ, ಭಾಷೆಯ ಹಂಗಿಲ್ಲದ ನೃತ್ತಕ್ಕೆ ತಾನಾಗಿಯೇ ಪ್ರಾಶಸ್ತ್ಯ ಬರುತ್ತದೆ. ಪ್ರತಿಭೆ ಕುಗ್ಗಿದ್ದರಿಂದ ಅಭಿನಯ ಹಿಂದಾಯಿತು ಎಂದು ಹಳಬರು ಕೊರಗುವುದುಂಟು. ಕೊಠಡಿಯ ಅಳತೆ ಬದಲಾದದ್ದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ವಾದ್ಯಗಾರರ ಜಾಗವೂ ಬದಲಾಯಿತು. 1930ರ ದಶಕದವರೆಗೆ ನಟ್ಟುವನಾರರು, ಮೃದಂಗದವರು, ಮುಖವೀಣೆಯವರು, ಶ್ರುತಿಗೆ ತುತ್ತಿ ಊದುವವರು ನರ್ತಕಿಯ ಹಿಂದೆಯೇ ನಿಂತು, ಅವಳು ಮುಂದೆ ಬಂದಂತೆ ಮುಂದೆ, ಹಿಂದೆ ಸರಿದಂತೆ ಹಿಂದೆ ನಡೆಯುತ್ತಿದ್ದರು. ಹೊಯ್ಸಳ ಶಿಲ್ಪದ ಎಷ್ಟೋ ಫಲಕಗಳಲ್ಲಿ ನರ್ತಕಿಯ ಪಕ್ಕದಲ್ಲಿ ಮದ್ದಳೆಯವರು ನಿಂತೇ ಇದ್ದಾರೆ. ಅವರನ್ನು ವೇದಿಕೆಯ ಒಂದು ಬದಿಗೆ ಕೂರಿಸಿದ್ದು ಆಧುನಿಕ ರಂಗಮಂಚದ ಶಿಸ್ತು. ಅದರಿಂದ ನೋಟ ಅಚ್ಚುಕಟ್ಟಾಯಿತು. ಆದರೆ ನರ್ತಕಿಯ ಬೆನ್ನಿಗೆ ಮೃದಂಗದ ನಾದ ತಟ್ಟುತ್ತಿದ್ದ ಅನುಭವ, ನಟ್ಟುವನಾರರು ಪಿಸುಮಾತಿನಲ್ಲಿ ಮುಂದಿನ ಜತಿ ಸೂಚಿಸುವ ಅವಕಾಶ ಹೋಯಿತು. ಕುಣಿತದ ಒಳಗಿನ ಮನೋಧರ್ಮವೂ ಅದರೊಂದಿಗೆ ಎಷ್ಟು ಹೋಯಿತು ಎಂಬುದನ್ನು ಯಾರಾದರೂ ಕೂತು ಅಧ್ಯಯನ ಮಾಡಬೇಕು.

ಸಹೃದಯರೇ, ಈಗ ಮಾತು ನೋವಿನ ಜಾಗಕ್ಕೆ ಬಂತು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಬೊಂಬಾಯಿ ಪ್ರಾಂತ್ಯದಲ್ಲಿ 1934ರ ಕಾನೂನು, ಮದರಾಸಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ದೀರ್ಘ ಹೋರಾಟದ ಫಲವಾದ 1947ರ ಕಾನೂನು, ನಮ್ಮಲ್ಲಿ 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾನೂನು ಬಂದದ್ದು ಆಮೇಲೆ. ಎಳೆಯ ಹೆಣ್ಣುಮಕ್ಕಳನ್ನು ಆ ಬದುಕಿಗೆ ನೂಕುವುದನ್ನು ತಡೆಯಬೇಕಿತ್ತು, ಇದರಲ್ಲಿ ಎರಡು ಮಾತಿಲ್ಲ. ಆದರೆ ಚರಿತ್ರೆಯ ವಿದ್ಯಾರ್ಥಿ ಜೊತೆಜೊತೆಗೇ ನೋಡಬೇಕಾದ ಇನ್ನೊಂದು ಸಂಗತಿ ಇದೆ. ದೇವಾಲಯದ ನರ್ತಕಿಗೆ ಇನಾಮು ಭೂಮಿ ಇತ್ತು, ಮಗಳನ್ನು ದತ್ತು ಪಡೆಯುವ, ಆಸ್ತಿಯನ್ನು ಹೆಣ್ಣಿನಿಂದ ಹೆಣ್ಣಿಗೆ ದಾಟಿಸುವ ರೂಢಿ ಇತ್ತು, ಓದು ಬರಹ ಇತ್ತು. ಅವಳ ಮಾತನ್ನು ಕೇಳದೆಯೇ ಅವಳ ಬಗ್ಗೆ ತೀರ್ಮಾನಗಳಾದವು. ಮದರಾಸಿನಲ್ಲಿ ಈ ಹೆಂಗಸರು ಸಂಘ ಕಟ್ಟಿಕೊಂಡು ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಆ ಮನವಿಗಳನ್ನು ಓದಿದ ನೃತ್ಯ ವಿದ್ಯಾರ್ಥಿಗಳು ನಮ್ಮಲ್ಲಿ ವಿರಳ.

ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರನ್ನು ನೆನೆಯಬೇಕು. ತಂಜಾವೂರಿನ ಆಸ್ಥಾನದಲ್ಲಿದ್ದ 18ನೆಯ ಶತಮಾನದ ಕವಯಿತ್ರಿ ಮುದ್ದುಪಳನಿಯ ರಾಧಿಕಾ ಸಾಂತ್ವನಮು ಕಾವ್ಯವನ್ನು ಪೂರ್ಣರೂಪದಲ್ಲಿ 1910ರಲ್ಲಿ ಪ್ರಕಟಿಸಿದವರು ಅವರು. ಅಶ್ಲೀಲವೆಂದು ಸರ್ಕಾರ ಅದನ್ನು ನಿಷೇಧಿಸಿತು. ಅಂಥದೇ ಶೃಂಗಾರವನ್ನು ಗಂಡು ಕವಿ ಬರೆದಾಗ ಒಪ್ಪಿ, ಹೆಣ್ಣು ಬರೆದಾಗ ಹೌಹಾರುವುದೇಕೆ ಎಂದು ನಾಗರತ್ನಮ್ಮ ನೇರವಾಗಿ ಪ್ರಶ್ನಿಸಿದ್ದರು. ನರ್ತಕಿಯರ ಮನೆತನದ ಒಬ್ಬ ಹೆಣ್ಣು ಪಾಠಾಂತರ ನೋಡಿ ಗ್ರಂಥ ಸಂಪಾದಿಸಿದ ಈ ಘಟನೆ ನಮ್ಮ ನೃತ್ಯ ಪಠ್ಯಗಳಲ್ಲಿ ಯಾಕಿಲ್ಲ?

ಮೈಸೂರಿನ ಕಥೆಗೆ ಇನ್ನೊಂದು ತಿರುವು ಇದೆ. ದೇವಾಲಯದಲ್ಲಿ ನಿಂತ ನೃತ್ಯ ಅರಮನೆಯಲ್ಲಿ ನಿಲ್ಲಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲೇ ಮುಜರಾಯಿ ಆಜ್ಞೆ ಬಂತು, ಅವರ ಕಾಲದಲ್ಲೇ ಆಸ್ಥಾನ ನರ್ತಕಿಯರೂ ಇದ್ದರು. ನೃತ್ಯದಲ್ಲಿ ಕೊಳೆ ಇದೆ ಎಂಬ ನಿಲುವು, ನೃತ್ಯ ರಾಜಮರ್ಯಾದೆಗೆ ಬೇಕು ಎಂಬ ನಿಲುವು ಒಂದೇ ಊರಿನಲ್ಲಿ ಅಕ್ಕಪಕ್ಕ ಇದ್ದವು. ಮದರಾಸಿನ ಚರಿತ್ರೆಯನ್ನೇ ಇಡೀ ದಕ್ಷಿಣದ ಚರಿತ್ರೆ ಎಂದು ಓದಿದರೆ ಇದು ಕಣ್ತಪ್ಪಿಹೋಗುತ್ತದೆ. ಅಲ್ಲಿ ಸಂಗೀತ ಅಕಾಡೆಮಿಯ ಚರ್ಚೆಗಳು, ಇ. ಕೃಷ್ಣ ಅಯ್ಯರ್ ಅವರ ಪ್ರಯತ್ನ, 1936ರಲ್ಲಿ ಕಲಾಕ್ಷೇತ್ರ, ಹೀಗೆ ಮಧ್ಯಮವರ್ಗದ ಸಂಸ್ಥೆಗಳು ನೃತ್ಯವನ್ನು ಕೈಗೆತ್ತಿಕೊಂಡವು. ಮೈಸೂರಿನಲ್ಲಿ ಆಸ್ಥಾನದ ಎಳೆ ಸ್ವಾತಂತ್ರ್ಯ ಬರುವವರೆಗೂ ಕಡಿಯಲಿಲ್ಲ.

ಆ ಎಳೆ ಹಿಡಿದವರು ಯಾರು ಎಂಬುದೂ ಗಮನಾರ್ಹ. ಜಟ್ಟಿ ತಾಯಮ್ಮನವರು (1857–1947) ಜಟ್ಟಿಯೊಬ್ಬರ, ಎಂದರೆ ಅರಮನೆಯ ಕುಸ್ತಿಪಟುವಿನ ಮಗಳು. ಮಲ್ಲವಿನೋದ, ನೃತ್ಯವಿನೋದ ಎರಡನ್ನೂ ಸೋಮೇಶ್ವರ ಒಂದೇ ಗ್ರಂಥದಲ್ಲಿ ಇಟ್ಟದ್ದು ನನಗೆ ಇಲ್ಲಿ ನೆನಪಾಗುತ್ತದೆ. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರು 1906ರಲ್ಲಿ ಕಡೂರು ಸೀಮೆಯ ತಾಂಡ್ಯವೊಂದರ ಲಂಬಾಣಿ ಕುಟುಂಬದಲ್ಲಿ ಹುಟ್ಟಿದವರು. ಎಳವೆಯಲ್ಲೇ ತಾಯಮ್ಮನವರ ಮನೆ ಸೇರಿ, ಸಂಗೀತವನ್ನೂ ಸಂಸ್ಕೃತವನ್ನೂ ಕಲಿತು ಆಸ್ಥಾನ ವಿದುಷಿಯಾದರು. ಮೈಸೂರು ವಿಶ್ವವಿದ್ಯಾನಿಲಯ 1965ರಲ್ಲಿ ನೃತ್ಯ ವಿಭಾಗ ತೆರೆದಾಗ ಅಲ್ಲಿ ಮೊದಲ ರೀಡರ್ ಆದರು. 1992ರಲ್ಲಿ ಪದ್ಮಭೂಷಣ ಬಂತು, 2002ರಲ್ಲಿ ತೀರಿಕೊಂಡರು. ದೇವದಾಸಿ ಮನೆತನದಿಂದ ಮೇಲ್ಜಾತಿಯ ಮನೆಗಳಿಗೆ ನೃತ್ಯ ದಾಟಿತು ಎಂಬ ಪ್ರಚಲಿತ ಕಥನಕ್ಕೆ ಕುಸ್ತಿಯವರ ಮಗಳೂ ತಾಂಡ್ಯದ ಮಗಳೂ ಒಗ್ಗುವುದಿಲ್ಲ. ಒಗ್ಗದ ಇಂಥ ಜೀವನಗಳೇ ಚರಿತ್ರಕಾರರಿಗೆ ಹೆಚ್ಚು ಕಲಿಸುತ್ತವೆ. ತಾಯಮ್ಮ ವೆಂಕಟಲಕ್ಷಮ್ಮನಿಗೆ ಕಲಿಸಿದ್ದು ಗುರುವಿನ ಮನೆಯಲ್ಲಿ, ವರ್ಷಗಟ್ಟಲೆ. ವೆಂಕಟಲಕ್ಷಮ್ಮ ಮುಂದೆ ಕಲಿಸಿದ್ದು ಪಠ್ಯಕ್ರಮ, ಪರೀಕ್ಷೆ, ಗಂಟೆಯ ಲೆಕ್ಕದ ತರಗತಿ ಇರುವ ವಿಶ್ವವಿದ್ಯಾನಿಲಯದಲ್ಲಿ. ಒಂದೇ ಜೀವಮಾನದಲ್ಲಿ ಒಬ್ಬರೇ ವ್ಯಕ್ತಿ ಈ ಎರಡು ಲೋಕಗಳನ್ನು ದಾಟಿದರು.

ಹಾಗಾದರೆ ಮಾಡಬೇಕಾದ್ದೇನು? ನೃತ್ಯದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಶಾಸನ ಓದುವ ಪಾಠ ಬೇಕು. ಅರಮನೆಯ ಹಾಗೂ ಮುಜರಾಯಿಯ ಕಡತಗಳಲ್ಲಿ ನರ್ತಕಿಯರ ಸಂಬಳ, ಇನಾಮು, ಉಡುಗೊರೆಗಳ ದಾಖಲೆಗಳನ್ನು ಹುಡುಕುವ ಸಂಶೋಧಕರು ಬೇಕು. ಇತಿಹಾಸ ವಿಭಾಗದವರು ಒಮ್ಮೆಯಾದರೂ ಕಾಲಿಗೆ ಗೆಜ್ಜೆ ಕಟ್ಟಿದವರ ಬಳಿ ಕುಳಿತು, ದಾಖಲೆ ಹೇಳದ್ದನ್ನು ಮೈ ಹೇಗೆ ನೆನಪಿಟ್ಟುಕೊಂಡಿದೆ ಎಂದು ಕೇಳಬೇಕು. ಮೈಗೂ ನೆನಪಿದೆ, ಆದರೆ ಆ ನೆನಪನ್ನೂ ಶಾಸನದಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು, ಯಾಕೆಂದರೆ ಪ್ರತಿ ಗುರುವೂ ಕಲಿತದ್ದಕ್ಕೆ ತನ್ನದೊಂದನ್ನು ಸೇರಿಸಿಯೇ ಕಲಿಸುತ್ತಾರೆ.

ಇಲ್ಲಿ ಸೇರಿರುವ ಕಲಾವಿದರಲ್ಲಿ ಎರಡು ವಿನಂತಿಗಳಿವೆ. ನಿಮ್ಮ ಗುರುಗಳ ಕೈಬರಹದ ಪುಸ್ತಕಗಳು, ಜತಿ ಬರೆದಿಟ್ಟ ಹಾಳೆಗಳು, ಹಳೆಯ ಧ್ವನಿಸುರುಳಿಗಳು ಮನೆಯ ಅಟ್ಟದಲ್ಲಿದ್ದರೆ ಅವುಗಳ ಪ್ರತಿಯನ್ನು ಹತ್ತಿರದ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ದಯವಿಟ್ಟು ಕೊಡಿ. ಮತ್ತು ಮುಂದಿನ ಕಾರ್ಯಕ್ರಮದ ಆಹ್ವಾನಪತ್ರಿಕೆಯಲ್ಲಿ ರಾಗ, ತಾಳ, ರಚನೆಕಾರರ ಹೆಸರಿನ ಜೊತೆಗೆ, ಆ ನೃತ್ಯಬಂಧವನ್ನು ನೀವು ಯಾರಿಂದ ಕಲಿತಿರಿ, ಅವರು ಯಾರಿಂದ ಕಲಿತಿದ್ದರು ಎಂಬ ಒಂದು ಸಾಲನ್ನು ಅಚ್ಚು ಹಾಕಿಸಿ.